ಗೃಹಾರೋಗ್ಯ: ಮಾಯ್ದ ಗಾಯದ ಬಲವೆಷ್ಟು?

ಹೊಲಿಗೆ ಬಿಚ್ಚಿದ ದಿನವೇ ಗಾಯವು ಮಾಯ್ದಿತೆಂದು ತಿಳಿಯುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ವಿಜಯಪುರದ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾಗಿ ತಿಕೋಟಾಕ್ಕೋ ಬಬಲೇಶ್ವರಕ್ಕೋ ಮರಳಿದ ಸೊಸೆಯು, ದ್ರಾಕ್ಷಿಯ ಸುಗ್ಗಿ ಬಂದಿತೆಂದರೆ, ತಿಂಗಳು ತುಂಬುವ ಮೊದಲೇ ತುಂಬಿದ ಬುಟ್ಟಿಗೆ ಕೈಹಚ್ಚುವಳು. ಮೇಲೆ ಕಾಣುವುದು ತೆಳುವಾದೊಂದು ಗೆರೆ. ಅದರ ಬಲವನ್ನು ಕಂಡವರಾರು?

ಅಳೆದು ನೋಡಿದವರುಂಟು. ಇಲಿಗಳ ಚರ್ಮವನ್ನು ಕೊಯ್ದು, ಮಾಯ್ದ ಭಾಗದ ಪಟ್ಟಿಯನ್ನು ಹರಿಯುವತನಕ ಜಗ್ಗಿದ ಪರೀಕ್ಷೆಗಳು 1965ರಲ್ಲಿ ಪ್ರಕಟವಾದವು. ಮೂರು ವಾರಗಳ ಕಲೆಗೆ ಗಾಯವಿಲ್ಲದ ಚರ್ಮದ ಬಲದಲ್ಲಿ ಸುಮಾರು ಶೇಕಡಾ 20 ಮಾತ್ರ ಇರುವುದು. ತಿಂಗಳುಗಟ್ಟಲೆ ಕಳೆದರೂ ಅದು ಶೇಕಡಾ 80ನ್ನು ದಾಟುವುದು ವಿರಳ. ಕೊಲ್ಯಾಜನ್ ಎಂಬ ನಾರು ಸಹಜವಾದ ಚರ್ಮದಲ್ಲಿ ಬುಟ್ಟಿಯ ಹೆಣಿಗೆಯಂತೆ ಹಲವು ದಿಕ್ಕಿಗೆ ಹೆಣೆದಿರುತ್ತದೆ. ಕಲೆಯಲ್ಲಿಯಾದರೋ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗಿರುತ್ತದೆ.

ಬದುಕಿರುವ ಮನುಷ್ಯನ ಚರ್ಮವನ್ನು ಹೀಗೆ ಹರಿದು ನೋಡಲಾಗದಷ್ಟೆ. ಸುಶ್ರುತಸಂಹಿತೆಯು ವ್ರಣಗಳಿಗೆ ಹೇಳಿದ 60 ಉಪಕ್ರಮಗಳಲ್ಲಿ ಗಡುಸಾದುದನ್ನು ಮೆದುಗೊಳಿಸುವ ಕ್ರಮವೂ ಇದೆ; ಗಡುಸೆಷ್ಟೆಂಬುದನ್ನು ವೈದ್ಯನ ಬೆರಳೇ ಹೇಳಬೇಕಾಗಿತ್ತು. ಸುಟ್ಟ ಕಲೆಗಳಿಗಾಗಿ 1990ರಲ್ಲಿ ಬಂದ ವ್ಯಾಂಕೂವರ್ ಮಾಪಕವು ಬಣ್ಣ, ಎತ್ತರ, ಮೆದುತನಗಳಿಗೆ ಅಂಕಗಳನ್ನು ಗೊತ್ತುಮಾಡಿದರೂ ಬೆರಳನ್ನು ಬಿಡಲಿಲ್ಲ. ಇಬ್ಬರ ಬೆರಳುಗಳು ಒಂದೇ ಮಾತನ್ನಾಡುವುವೆಂಬ ಭರವಸೆಯಾದರೂ ಏನು?

ಕ್ಯೂಟೋಮೀಟರ್ ಎಂಬ ಯಂತ್ರವು ಈ ಕೊರತೆಯನ್ನು ನೀಗಲು ಬಂದುದು. ಸಾಮಾನ್ಯವಾಗಿ 2 ಮಿಲಿಮೀಟರಿನಷ್ಟು ಕಿರಿದಾದ ಬಾಯಿಯಿಂದ ಅದು ಚರ್ಮವನ್ನು ಹೀರಿ, ಎಷ್ಟು ಮೇಲೆದ್ದಿತು, ಬಿಟ್ಟಮೇಲೆ ಎಷ್ಟು ಮರಳಿತು ಎಂಬುದನ್ನು ಬೆಳಕಿನ ಸಹಾಯದಿಂದ ಅಳೆಯುತ್ತದೆ. ಅದೇ ವ್ಯಕ್ತಿಯ ಕಲೆಯಿಲ್ಲದ ಚರ್ಮವನ್ನೂ ಅಳೆದು ಹೋಲಿಸತಕ್ಕದ್ದು. ಒಂಟಿ ಅಂಕೆಯಿಂದ ತಿಳಿಯುವುದು ಅಲ್ಪ. ಉಬ್ಬಿ ಗಡುಸಾಗುವ ಕೀಲಾಯ್ಡ್ ಕಲೆಯು ಚಿಕಿತ್ಸೆಯಿಂದ ಮೆದುವಾಯಿತೇ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಕಪ್ಪು ಮೈಬಣ್ಣದವರಲ್ಲಿ ಕೀಲಾಯ್ಡ್ ಹೆಚ್ಚಾದುದರಿಂದ ನಮ್ಮ ಸೀಮೆಗೂ ಇದು ಪರಕೀಯವಾದ ವಿಷಯವಲ್ಲ.

ಆದರೆ ಸೊಸೆಯ ಬುಟ್ಟಿಯ ಪ್ರಶ್ನೆಗೆ ಈ ಯಂತ್ರವೂ ಉತ್ತರ ಹೇಳಲಾರದು. ಅದು ಬಲ್ಲುದು ಚರ್ಮವನ್ನು. ಭಾರವನ್ನು ತಡೆಯತಕ್ಕದ್ದು ಹೊಟ್ಟೆಯ ಗೋಡೆಯ ಒಳಪದರು. ಅದು ಬಿಟ್ಟುಕೊಂಡರೆ ಕರುಳು ಹೊರಕ್ಕೆ ಉಬ್ಬಿ ಹರ್ನಿಯಾ ಆಗುವುದು. ಆದುದರಿಂದ ವೈದ್ಯರು ಸಾಮಾನ್ಯವಾಗಿ ಹೇಳುವ ಆರು ವಾರಗಳ ಎಚ್ಚರಿಕೆಯನ್ನು ಬಾಣಂತಿಯ ಸೋಮಾರಿತನದ ನೆಪವೆಂದು ಅತ್ತೆಯಂದಿರು ಎಣಿಸಬಾರದೆಂದು ನಾವು ಬೇಡುತ್ತೇವೆ. ಅಷ್ಟು ದಿನ ನೀರಿನ ಕೊಡವನ್ನು ಗಂಡಸರು ಹೊತ್ತರೆ ಮನೆತನದ ಮಾನವೇನೂ ಹೋಗದು! ಕೆಮ್ಮಿದಾಗ ಕಲೆಯ ಬಳಿ ಉಬ್ಬು ಕಂಡರೆ, ನೋವಿಲ್ಲದಿದ್ದರೂ, ವೈದ್ಯರಿಗೆ ತೋರಿಸತಕ್ಕದ್ದು; ಉಬ್ಬು ಒಳಸರಿಯದೆ ನೋವೂ ವಾಂತಿಯೂ ಆದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.