ನೀರು ಮಂತ್ರಿಸಿ, ಬಿಪಿಯನ್ನೂ ನೋಡಿ
ತಲೆ ಸಿಡಿಯುವಷ್ಟು ನೋವು, ಮೈತುಂಬ ಬೆವರು, ಎದೆ ಡವಡವ. ಅರ್ಧ ಗಂಟೆಯಲ್ಲಿ ಎಲ್ಲ ಶಾಂತ. ಉಮ್ಮನಿಗೆ ಹೀಗಾದರೆ ನಾವು ‘ಟೆನ್ಶನ್’ ಅನ್ನುತ್ತೇವೆ, ಇಲ್ಲವೇ ಉಸ್ತಾದರಿಂದ ನೀರು ಮಂತ್ರಿಸಿ ತರುತ್ತೇವೆ. ನೀರು ಕುಡಿಯಲಿ, ನನ್ನ ತಕರಾರಿಲ್ಲ. ಆದರೆ ಆ ಹೊತ್ತಿಗೆ ಬಿಪಿಯೂ ವಿಪರೀತ ಏರುತ್ತಿದ್ದರೆ, ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆ ಇರಬಹುದೇ ಎಂದು ಡಾಕ್ಟರನ್ನು ಕೇಳಲೇಬೇಕು. ಅಪರೂಪದ್ದು; ಹೆಚ್ಚಿನವು ಕ್ಯಾನ್ಸರ್ ಅಲ್ಲ. ರಕ್ತ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ, ಆಮೇಲೆ ಸ್ಕ್ಯಾನ್. ಆಪರೇಷನ್‌ಗೆ ಮೊದಲು ಒಂದೆರಡು ವಾರ ಆಲ್ಫಾ ಬ್ಲಾಕರ್ ಮಾತ್ರೆ ಬೇಕು, ಇಲ್ಲದಿದ್ದರೆ ಮೇಜಿನ ಮೇಲೆಯೇ ಬಿಪಿ ಕೈಮೀರಬಹುದು. ಸುಮಾರು ಮೂವರಲ್ಲಿ ಒಬ್ಬರಿಗೆ ಇದು ವಂಶದಿಂದ ಬಂದಿರುತ್ತದೆ. ಮಗಳ ಮದುವೆ ಮಾತು ಕೆಡುತ್ತದೆಂದು ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟರೆ, ‘ನೀನೂ ಪರೀಕ್ಷೆ ಮಾಡಿಸು’ ಎಂದು ಆ ಮಗಳಿಗೆ ಹೇಳುವವರು ಯಾರು?