ಬಡ್ಡಿ ಯಾರ ಪೆಟ್ಟಿಗೆಗೆ?

ಹೆಣ್ಣುಮಕ್ಕಳಿಗೆ ಸಣ್ಣ ಸಾಲ ಸಿಕ್ಕಿದರೆ ಸಂಸಾರ ನೆಟ್ಟಗಾಗುತ್ತದೆಂದು ಸರ್ಕಾರ ಹೇಳುತ್ತದೆ, ಸಾಲದ ಕಂಪನಿಗಳೂ ಹೇಳುತ್ತವೆ. ಮಾತು ಸುಳ್ಳಲ್ಲ. ಆದರೆ ಸಾಲ ಕೊಡುವವರು ಯಾರು, ಬಡ್ಡಿ ಯಾರ ಪೆಟ್ಟಿಗೆ ಸೇರುತ್ತದೆ ಎಂಬುದನ್ನು ನಾವು ಮೊದಲು ಕೇಳಬೇಕು.

ಗಿರಣಿಗಳ ಊರಾದ ಅಹಮದಾಬಾದಿನಲ್ಲಿ ತರಕಾರಿ ಮಾರುವ, ಹಳೆ ಬಟ್ಟೆ ಮಾರುವ, ತಲೆಹೊರೆ ಹೊರುವ ಹೆಂಗಸರು ಲೇವಾದೇವಿಗಾರರಿಂದ ದುಬಾರಿ ಬಡ್ಡಿಗೆ ಸಾಲ ತಂದು ದುಡಿಯುತ್ತಿದ್ದರು. 1969ರಲ್ಲಿ ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದರೂ, ಸಹಿ ಬಾರದ, ಒತ್ತೆಯಿಡಲು ಏನೂ ಇಲ್ಲದ ಇವರಿಗೆ ಅಲ್ಲಿ ಮರ್ಯಾದೆ ಸಿಗಲಿಲ್ಲ. 1972ರಲ್ಲಿ ಇಳಾ ಭಟ್ ಅವರ ಮುಂದಾಳುತನದಲ್ಲಿ ಇವರ ಸಂಘ ‘ಸೇವಾ’ ಹುಟ್ಟಿತು. 1974ರಲ್ಲಿ ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಪಾಲು ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ಸಹಿ ಬಾರದವರ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಭಾವಚಿತ್ರ ಅಂಟಿಸಿದರು. ಬ್ಯಾಂಕು ಗಳಿಸಿದ ಲಾಭಕ್ಕೆ ಪಾಲುದಾರರಾದ ಅವರೇ ಒಡೆಯರು. ಮುಂದೆ 1980ರ ಹಾಗೂ 90ರ ದಶಕಗಳಲ್ಲಿ ಆ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿ ಗಂಡಸರು ಕೆಲಸ ಕಳೆದುಕೊಂಡಾಗ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ಈ ಸಣ್ಣ ದುಡಿಮೆಯಿಂದಲೇ. ಗಿರಣಿ ಕಾರ್ಮಿಕರು ಇದನ್ನು ಗಮನಿಸಬೇಕು.

ಲಾಭಕ್ಕೆಂದೇ ಹುಟ್ಟಿದ ಕಂಪನಿಗಳ ರೀತಿ ಬೇರೆ. ಒಂದೇ ಮನೆಗೆ ಮೂರು ನಾಲ್ಕು ಕಂಪನಿಗಳು ಸಾಲ ಕೊಡುತ್ತವೆ. ಒಂದರ ಕಂತು ಕಟ್ಟಲು ಇನ್ನೊಂದರ ಸಾಲ ಎತ್ತಬೇಕಾಗುತ್ತದೆ. ಒಬ್ಬಳು ಕಂತು ತಪ್ಪಿದರೆ ಅದೇ ಗುಂಪಿನ ನೆರೆಹೊರೆಯವರನ್ನೇ ಅವಳ ಬಾಗಿಲಿಗೆ ಅಟ್ಟುತ್ತಾರೆ. ಆಂಧ್ರಪ್ರದೇಶದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸುದ್ದಿ ಬಂದ ಮೇಲೆ 2010ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿತು. 2022ರಲ್ಲಿ ರಿಸರ್ವ್ ಬ್ಯಾಂಕು ಇಂಥ ಸಾಲಗಳ ಬಡ್ಡಿಯ ಮೇಲಿದ್ದ ಮಿತಿಯನ್ನೇ ತೆಗೆದುಹಾಕಿತು. ನಮ್ಮ ರಾಜ್ಯದಲ್ಲಿಯೂ ಬಲವಂತದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ 2025ರ ಫೆಬ್ರವರಿಯಲ್ಲಿ ಬಂದಿತು. ಅದು ಬೇಕಾದದ್ದೇ. ಆದರೆ ನಾಳೆ ಬೆಳಿಗ್ಗೆ ಹೂವು ತರಲು, ಹಿಟ್ಟು ತರಲು ಬೇಕಾದ ಬಂಡವಾಳವನ್ನು ಕಾನೂನು ತಂದುಕೊಡಲಾರದು.

ಗಂಡಸರಿಗೂ ಒಂದು ಮಾತು. ಹೆಂಡತಿಯ ಹೆಸರಿನಲ್ಲಿ ಸಾಲ ಎತ್ತಿ ತಾನು ಖರ್ಚುಮಾಡಿ, ಕಂತಿನ ದಿನ ತಲೆತಪ್ಪಿಸಿಕೊಳ್ಳುವವನು ಲೇವಾದೇವಿಗಾರನಿಗಿಂತ ಯಾವ ರೀತಿಯಲ್ಲೂ ಮೇಲಲ್ಲ. ಅವಳ ಹೆಸರಿನ ಹಣ ಅವಳ ವ್ಯಾಪಾರಕ್ಕೇ ಹೋಗಬೇಕು.

ಕಾರ್ಮಿಕರ ಕೇರಿಗಳಲ್ಲಿಯೂ ಸಂತೆ ಬೀದಿಗಳಲ್ಲಿಯೂ ಹೆಂಗಸರ ಉಳಿತಾಯದ ಸಹಕಾರ ಸಂಘಗಳು ಏಳಲಿ. ಮೊದಲು ಉಳಿತಾಯ, ಆಮೇಲೆ ಸಾಲ ಎಂಬ ಕ್ರಮವಿರಲಿ. ಆಡಳಿತ ಮಂಡಳಿಯಲ್ಲಿ ಅವರೇ ಕೂರಲಿ, ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಓದಿ ಹೇಳಲಿ. ಕಾರ್ಮಿಕ ಸಂಘಗಳೂ ವರ್ತಕರೂ ಈ ಕೆಲಸಕ್ಕೆ ಹೆಗಲು ಕೊಡಬೇಕೆಂದು ನಮ್ಮ ಒತ್ತಾಯ.