ಪಿನ್ನು ಕೂತರೆ ಸಾಲದು

ಹಳೆ ವಿದ್ಯಾರ್ಥಿಯೊಬ್ಬ ನಮ್ಮ ಶಾಲೆಗೆ ಥಿಂಕ್‌ಪ್ಯಾಡ್ ಟಿ43 ಕೊಟ್ಟ. ಚಾರ್ಜರ್ ಇರಲಿಲ್ಲ. "ಪಿನ್ನು ಕೂರ್ತದೆ ಮಾಷ್ಟ್ರೇ, ಇದೇ ಸಾಕು" ಎಂದು ಅಂಗಡಿಯವರು ಒಂದನ್ನು ಕೊಟ್ಟರು. ತಿರುಗಿಸಿ ಓದಿದೆ. ಲ್ಯಾಪ್‌ಟಾಪಿಗೆ ಬೇಕಾದ್ದು 16 ವೋಲ್ಟ್, ಚಾರ್ಜರಿನದು 19. ಹಾಗೇ ವಾಪಸು ಕೊಟ್ಟೆ.

ವೋಲ್ಟ್ ಹೊಂದಬೇಕು. ಪಿನ್ನಿನ ಒಳಗೂ ಹೊರಗೂ ಪ್ಲಸ್-ಮೈನಸ್ ಅದಲುಬದಲಾಗಬಾರದು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಚಾರ್ಜರ್ ಬಿಸಿಯಾಗುತ್ತದೆ.

ಇದು ಕೊಳ್ಳುವವರ ತಪ್ಪೆಂದು ನಾನು ಒಪ್ಪುವುದಿಲ್ಲ. 2006ರ ಟಿ60ಗೆ ಬರುವಾಗ ಅದೇ ಥಿಂಕ್‌ಪ್ಯಾಡ್ 20 ವೋಲ್ಟಿಗೆ ಹೋಯಿತು. ಪಿನ್ನೂ ಬೇರೆ, ಬ್ಯಾಟರಿಯೂ ಬೇರೆ. ಹೀಗಾಗಿ ಕೆಲಸ ಮಾಡುವ ಯಂತ್ರಗಳು ಗುಜರಿ ಸೇರುತ್ತವೆ. ಐರೋಪ್ಯ ಒಕ್ಕೂಟ ಯುಎಸ್‌ಬಿ-ಸಿ ಕಡ್ಡಾಯ ಮಾಡಿತು: ಫೋನುಗಳಿಗೆ 2024ರ ಡಿಸೆಂಬರ್ 28, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28 ಗಡುವು. ಒಳ್ಳೆಯದೇ. ಆದರೆ ಹಳೆಯವುಗಳಿಗೆ ಅದರಿಂದ ಉಪಕಾರವಿಲ್ಲ.

ಆದ್ದರಿಂದ ಶಾಲೆಗೆ ದಾನ ಮಾಡುವವರಲ್ಲಿ ಒಂದೇ ವಿನಂತಿ. ಲ್ಯಾಪ್‌ಟಾಪಿನ ಜೊತೆ ಅದರದೇ ಚಾರ್ಜರನ್ನೂ ಕಟ್ಟಿ ಕೊಡಿ. ಇಲ್ಲದಿದ್ದರೆ ಮಕ್ಕಳಿಗೆ ಸಿಗುವುದು ಕಂಪ್ಯೂಟರಲ್ಲ, ಕಪ್ಪು ಪೆಟ್ಟಿಗೆ. ಏನಂತೀರಿ?